ದ್ಯೌಃ, ಜ್ಯೂಸ್, ದಿಯಾಸ್: ಒಂದು ಹೆಸರಿನ ಎರಡು ಪ್ರಕೃತಿಗಳು

ಚೆಕ್ ಭಾಷೆಯ ವಿಭಕ್ತಿಪಟ್ಟಿಯೊಂದನ್ನು ನೋಡುತ್ತಿದ್ದಾಗ, ಗ್ರೀಕರ ದೇವರಾಜ ಜ್ಯೂಸ್‌ನ ಹೆಸರು ಪ್ರಥಮೆಯಲ್ಲಿ ‘ಜೆಉಸ್’ ಎಂದೂ ಷಷ್ಠಿಯಲ್ಲಿ ‘ದಿಯ’ ಎಂದೂ ಇರುವುದು ಕಣ್ಣಿಗೆ ಬಿತ್ತು. ಮುದ್ರಣದೋಷವಿರಬೇಕೆಂದು ಮೊದಲು ಭಾವಿಸಿದೆ. ಅದು ದೋಷವಾಗಿರಲಿಲ್ಲ; ಎರಡೂವರೆ ಸಾವಿರ ವರ್ಷಗಳ ಹಿಂದಿನ ಗ್ರೀಕ್ ವ್ಯಾಕರಣದ ಒಂದು ವೈಚಿತ್ರ್ಯವನ್ನು ಚೆಕ್ ಮತ್ತು ಸ್ಲೊವಾಕ್ ಭಾಷೆಗಳು ಇಂದಿಗೂ ಕಾಪಾಡಿಕೊಂಡು ಬಂದಿದ್ದವು. ಅಂದಿನಿಂದ ಈ ಹೆಸರು ಯಾವ ಭಾಷೆಯಲ್ಲಿ ಯಾವ ರೂಪ ತಳೆದಿದೆ ಎಂದು ಹುಡುಕುವುದು ನನಗೆ ಪ್ರೀತಿಯ ಕೆಲಸವಾಗಿದೆ.

ಪ್ರಾಚೀನ ಗ್ರೀಕಿನಲ್ಲಿ ಈ ಹೆಸರಿಗೆ ಎರಡು ಪ್ರಕೃತಿಗಳಿವೆ, ಅಂದರೆ ವಿಭಕ್ತಿಪ್ರತ್ಯಯ ಸೇರುವ ಮೂಲರೂಪಗಳು ಎರಡು. ಪ್ರಥಮೆಯಲ್ಲಿ ಜೆಉಸ್, ಆದರೆ ದ್ವಿತೀಯೆಯಲ್ಲಿ ದಿಯ, ಷಷ್ಠಿಯಲ್ಲಿ ದಿಯೊಸ್. ಕನ್ನಡ ಓದುಗರಿಗೆ ಇದರ ಗುಟ್ಟನ್ನು ತಿಳಿಸುವುದು ಸುಲಭ, ಏಕೆಂದರೆ ಸಂಸ್ಕೃತದಲ್ಲಿಯೂ ಆಕಾಶವಾಚಕ ಶಬ್ದ ಪ್ರಥಮೆಯಲ್ಲಿ ದ್ಯೌಃ, ಷಷ್ಠಿಯಲ್ಲಿ ದಿವಃ. ನಾವು ನಿತ್ಯ ಬಳಸುವ ‘ದಿವಂಗತ’ ಎಂಬ ಮಾತಿನೊಳಗೆ ಅದರ ದ್ವಿತೀಯಾ ರೂಪವೇ ಅಡಗಿದೆ. ಎರಡು ಭಾಷೆಗಳ ಈ ಶಬ್ದಗಳು ಒಂದೇ ಮೂಲದವು. ಗ್ರೀಕಿನಲ್ಲಿ ಪದಾದಿಯ ‘ದ್ಯ’ ಎಂಬ ಒತ್ತಕ್ಷರ ‘ಜ’ಕಾರದಂಥ ಧ್ವನಿಯಾಗಿ ಬದಲಾಯಿತು, ‘ದಿ’ ಮಾತ್ರ ಹಾಗೆಯೇ ಉಳಿಯಿತು. ಹೀಗೆ ಒಂದೇ ಹೆಸರು ಕಿವಿಗೆ ಎರಡಾಯಿತು. ಈ ಇಬ್ಬಗೆ ಗ್ರೀಕರನ್ನೂ ಕಾಡಿತ್ತು. ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಕ್ರಟೀಸ್, ಕೆಲವರು ಈ ದೇವನನ್ನು ‘ಜೇನ’ ಎಂದೂ ಕೆಲವರು ‘ದಿಯ’ ಎಂದೂ ಕರೆಯುತ್ತಾರೆಂದು ಹೇಳಿ, ಎರಡನ್ನೂ ಕೂಡಿಸಿದರೆ ‘ಯಾರ ಮೂಲಕ ಬದುಕು ಉಂಟೋ ಅವನು’ ಎಂಬ ಅರ್ಥ ಹೊರಡುತ್ತದೆಂದು ವಿವರಿಸುತ್ತಾನೆ. ನಿರುಕ್ತಿಯಾಗಿ ಇದು ನಿಲ್ಲುವುದಿಲ್ಲ, ಆದರೂ ಸಮಸ್ಯೆಯನ್ನು ಅವನು ಸರಿಯಾಗಿಯೇ ಗುರುತಿಸಿದ್ದ.

ಯುರೋಪಿನ ಹೆಚ್ಚಿನ ಭಾಷೆಗಳು ಪ್ರಥಮಾ ರೂಪವನ್ನು ಪುಸ್ತಕದಿಂದ ಅಕ್ಷರಕ್ಕಕ್ಷರ ಎತ್ತಿಕೊಂಡು, ಉಚ್ಚಾರಣೆಯನ್ನು ತಮ್ಮ ತಮ್ಮ ಓದಿನ ನಿಯಮಕ್ಕೆ ಬಿಟ್ಟುಕೊಟ್ಟವು. ಆದ್ದರಿಂದ ಒಂದೇ ಕಾಗುಣಿತ ಜರ್ಮನ್ನರ ಬಾಯಲ್ಲಿ ‘ತ್ಸೊಯ್ಸ್’, ಇಟಾಲಿಯನ್ನರಲ್ಲಿ ‘ದ್ಜೆಉಸ್’, ಸ್ಪೇನಿನ ಬಹುಭಾಗದಲ್ಲಿ ‘ಥೆಉಸ್’ ಎಂದಾಗುತ್ತದೆ. ನಮ್ಮ ‘ಜ್ಯೂಸ್’ ಇಂಗ್ಲಿಷರ ಬಾಯಿಂದ ಬಂದದ್ದು. ಹಂಗೇರಿಯನ್ನರು ಮಾತ್ರ ಕೊನೆಯ ಅಕ್ಷರವನ್ನು ಬದಲಿಸಿ ಬರೆಯುತ್ತಾರೆ, ಏಕೆಂದರೆ ಅವರ ಬರವಣಿಗೆಯಲ್ಲಿ ಒಂಟಿ ‘ಎಸ್’ ಅಕ್ಷರಕ್ಕೆ ‘ಶ್’ ಎಂಬ ಧ್ವನಿಯಿದೆ.

ರಷ್ಯನ್ ಭಾಷೆಯ ‘ಜೆವ್ಸ್’ ಬೇರೆ ದಾರಿಯಿಂದ ಬಂದ ರೂಪ. ಬೈಜಾಂಟಿಯಂ ಕಾಲದ ಗ್ರೀಕಿನಲ್ಲಿ ‘ಎಉ’ ಎಂಬ ಸಂಧ್ಯಕ್ಷರ ‘ಎವ್’ ಅಥವಾ ‘ಎಫ್’ ಆಗಿತ್ತು, ಆ ಉಚ್ಚಾರಣೆಯ ಛಾಪು ರಷ್ಯನ್ನರ ‘ಯೆವ್ರೋಪ’ ಮತ್ತು ‘ಯೆವ್ಗೇನಿ’ ಎಂಬ ಹೆಸರುಗಳಲ್ಲಿಯೂ ಕಾಣುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುವ ಸರ್ಬಿಯನ್ನರು ಮತ್ತು ಕ್ರೊಯೇಷಿಯನ್ನರು ಈ ಒಂದು ಹೆಸರಿನಲ್ಲಿ ಬೇರೆಯಾಗುತ್ತಾರೆ: ಸರ್ಬಿಯನ್ನಿನಲ್ಲಿ ಜೆವ್ಸ್, ಕ್ರೊಯೇಷಿಯನ್ನಿನಲ್ಲಿ ಜೆಉಸ್. ಪೂರ್ವದ ಆರ್ಥಡಾಕ್ಸ್ ಚರ್ಚಿನ ಗ್ರೀಕ್ ಪರಂಪರೆ ಮತ್ತು ಪಶ್ಚಿಮದ ಲ್ಯಾಟಿನ್ ಪರಂಪರೆಗಳ ನಡುವಿನ ಗಡಿ, ಆ ಚರ್ಚುಗಳು ಪೂಜಿಸದ ಒಬ್ಬ ದೇವನ ಹೆಸರಿನಲ್ಲಿ ಉಳಿದಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಪ್ರತ್ಯಯವಿಲ್ಲದೆ ನಾಮಪದವನ್ನು ಸುಮ್ಮನೆ ಒಪ್ಪದ ಭಾಷೆಗಳ ರೀತಿ ಇನ್ನೂ ಸೊಗಸಾದದ್ದು. ಲಿಥುವೇನಿಯನ್ ಭಾಷೆ ತನ್ನ ಪುಲ್ಲಿಂಗ ಪ್ರತ್ಯಯ ‘ಅಸ್’ ಸೇರಿಸಿ ‘ದ್ಜೆಉಸಸ್’ ಎಂದು ಕರೆಯುತ್ತದೆ. ಅದೇ ಭಾಷೆಯಲ್ಲಿ ದೇವರಿಗೆ ‘ದಿಯೆವಸ್’ ಎಂಬ ಪದವಿದ್ದು, ಅದು ನಮ್ಮ ‘ದೇವ’ ಶಬ್ದದ ಒಡಹುಟ್ಟು. ಮನೆಯಲ್ಲಿ ಹುಟ್ಟಿದ ಮಾತೂ ಹೊರಗಿನಿಂದ ಬಂದ ಅದರ ದೂರದ ಬಂಧುವೂ ಅಲ್ಲಿ ಒಟ್ಟಿಗೆ ಬಾಳುತ್ತಿವೆ. ಐಸ್‌ಲ್ಯಾಂಡಿಕ್ ಇನ್ನೂ ಮುಂದೆ ಹೋಗಿ, ‘ಉರ್’ ಪ್ರತ್ಯಯ ಹಚ್ಚಿ ‘ಸೇಯ್ವುರ್’ ಮಾಡಿಕೊಂಡಿತು. ಫಿನ್ನಿಶ್ ಪ್ರಥಮೆಯನ್ನು ಮುಟ್ಟದೆ ಬಿಟ್ಟರೂ ಷಷ್ಠಿಯಲ್ಲಿ ‘ಜೆಉಕ್ಸೆನ್’ ಎನ್ನುತ್ತದೆ. ಗ್ರೀಕಿನಲ್ಲಿ ಎಂದೂ ಇರದ ಆ ಕಕಾರ ಶುದ್ಧಾಂಗವಾಗಿ ಫಿನ್ನಿಶ್ ವ್ಯಾಕರಣದ ಕೊಡುಗೆ.

ಸ್ಪ್ಯಾನಿಷ್ ಭಾಷೆಯಲ್ಲಿ ದೇವರಿಗಿರುವ ‘ದಿಯೋಸ್’ ಎಂಬ ಪದ ಗ್ರೀಕ್ ಷಷ್ಠಿಯಂತೆಯೇ ಕಾಣುತ್ತದಾದರೂ ಅದರಿಂದ ಬಂದದ್ದಲ್ಲ. ಅದು ಲ್ಯಾಟಿನ್ನಿನ ‘ದೆಉಸ್’ ಎಂಬುದರ ಮಗು. ಆ ‘ದೆಉಸ್’ ಶಬ್ದಕ್ಕೂ ಗ್ರೀಕರು ದೇವರಿಗೆ ಬಳಸುವ ‘ಥೆಓಸ್’ ಶಬ್ದಕ್ಕೂ, ರೂಪ ಮತ್ತು ಅರ್ಥ ಎರಡೂ ಕೂಡಿಬಂದರೂ, ಯಾವ ನಂಟೂ ಇಲ್ಲ.

ಗ್ರೀಕರು ಇಂದು ದಿನಬಳಕೆಯಲ್ಲಿ ‘ಜೆಫ್ಸ್’ ಎನ್ನುವುದು ಕಡಿಮೆ. ಅವರು ಹೇಳುವುದು ‘ದಿಯಾಸ್’. ಗುರುಗ್ರಹಕ್ಕೂ ಅವರಲ್ಲಿ ಅದೇ ಹೆಸರು. ಹಳೆಯ ವಿಭಕ್ತಿಕ್ರಮ ಕುಸಿದಾಗ ಜನರು ದ್ವಿತೀಯೆಯ ‘ದಿಯ’ವನ್ನೇ ಮೂಲವೆಂದು ಹಿಡಿದು ಹೊಸ ಪ್ರಥಮೆಯನ್ನು ಕಟ್ಟಿಕೊಂಡರು. ಸಂಸ್ಕೃತದ ‘ಹನುಮಾನ್’ ಎಂಬ ಪ್ರಥಮೆಗಿಂತ ‘ಹನುಮಂತಂ’ ಎಂಬ ದ್ವಿತೀಯೆಯಲ್ಲಿ ಕಾಣುವ ರೂಪ ಕನ್ನಡದಲ್ಲಿ ನೆಲೆಯೂರಿ ‘ಹನುಮಂತ’ನಾದಂತೆಯೇ ಇದು. ಯುರೋಪಿನ ಉಳಿದವರು ಪುಸ್ತಕದ ಪ್ರಥಮೆಯನ್ನು ಜೋಪಾನ ಮಾಡುತ್ತಿರುವಾಗ, ಆ ಹೆಸರನ್ನು ಬಾಯಲ್ಲಿ ಬೆಳೆಸಿದವರು ಇನ್ನೊಂದು ಪ್ರಕೃತಿಯನ್ನು ಆರಿಸಿಕೊಂಡರು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಗ್ರೀಕಿನ ಅತಿ ಹಳೆಯ ಬರಹಗಳಿರುವ ಲೀನಿಯರ್ ಬಿ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ, ಕ್ರಿಸ್ತಪೂರ್ವ 2ನೆಯ ಸಹಸ್ರಮಾನದ ಮಣ್ಣಿನ ಫಲಕಗಳಲ್ಲಿ ಈ ದೇವನಿಗೆ ಸಲ್ಲಿಸಿದ ಕಾಣಿಕೆಯ ಲೆಕ್ಕವನ್ನೂ ಓದಲು ಸಾಧ್ಯವಾಯಿತು. ಅಲ್ಲಿ ಅವನ ಹೆಸರು ಚತುರ್ಥಿಯಲ್ಲಿದೆ: ‘ದಿ-ವೆ’, ಅಂದರೆ ದಿವನಿಗೆ.