ಹಾಡು ಮುಗಿದ ಮೇಲೆ

ಫೋನಿನಲ್ಲಿ ದಿನಕ್ಕೊಂದು ಹಾಡು ಹಂಚುವ ನಮ್ಮ ಸರದಿಯಲ್ಲಿ ಈ ಮಂಗಳವಾರ ಇಂಗ್ಲಿಷ್ ಬ್ಯಾಂಡ್ ಬೀಟಲ್ಸ್‌ನ ‘ಎ ಡೇ ಇನ್ ದ ಲೈಫ್’, 1967ರದ್ದು. ಜೊತೆಗೆ ಒಂದೇ ಸಾಲು: ಕೊನೆಯಲ್ಲಿ ಕುರ್ಚಿಯೊಂದು ಕಿರ್ರೆನ್ನುತ್ತದೆ, ಕೇಳಿ. ಅರ್ಧ ಗಂಟೆಯೊಳಗೆ ಉತ್ತರ ಬಂತು: “ಕುರ್ಚಿ ಎಲ್ಲಿ ಸಾರ್? ಪಿಯಾನೊ ಧಡ್ ಅಂತು, ಮುಗೀತು. ಮುಗಿದ ಮೇಲೆ ಇನ್ನೇನು ಕೇಳೋದಿದೆ?”

ಮುಗಿದ ಮೇಲೆ ಇನ್ನೇನು ಕೇಳೋದಿದೆ! ವಾರವೆಲ್ಲ ಇದೇ ಮಾತು ಗುಂಯ್‌ಗುಡುತ್ತಿದೆ. ಕೇಳಿದಾತ ಅರಸಿಕನೇನಲ್ಲ. ಕಿವಿಗಿಂತ ಬೆರಳು ಚುರುಕು, ಅಷ್ಟೇ.

ಆ ಧಡ್ ಬರುವುದು ಹಾಡು ಶುರುವಾಗಿ ಸುಮಾರು 4 ನಿಮಿಷ 20 ಸೆಕೆಂಡಿಗೆ, ಅಂದರೆ 4:20ಕ್ಕೆ. ಹಲವು ಪಿಯಾನೊಗಳ ಮೇಲೆ ಎಲ್ಲರೂ ಒಟ್ಟಿಗೆ ಬಡಿದ ಇ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಅದು. ಪಿಯಾನೊದ ಗುಣವೇ ಹಾಗೆ, ಬಡಿದ ಗಳಿಗೆಯಿಂದಲೇ ಸದ್ದು ಇಳಿಯಲು ಶುರು. ಅದು ಇಳಿದಷ್ಟೂ ರೆಕಾರ್ಡಿಂಗ್ ಲೆವೆಲ್ ಏರಿಸುತ್ತಾ ಹೋಗಿ 40 ಸೆಕೆಂಡಿಗೂ ಮೀರಿ ಎಳೆದರು. ಲೆವೆಲ್ ಏರಿದಾಗ ಪಿಯಾನೊ ಒಂದೇ ಏರುವುದಿಲ್ಲ, ಇಡೀ ಕೋಣೆಯೇ ಏರುತ್ತದೆ. ಉಸಿರು ಬಿಗಿಹಿಡಿದು ಕೂತವರಲ್ಲಿ ಯಾರೋ ಒಬ್ಬರು ಚೂರು ಅಲುಗಾಡಿದ್ದೂ ಟೇಪಿನಲ್ಲಿ ಉಳಿಯಿತು. ಕುರ್ಚಿ ಕಿರ್ರೆಂದದ್ದು ಹೀಗೆ. ಅದನ್ನು ತಪ್ಪು ಅನ್ನಲು ಮನಸ್ಸು ಬರುವುದಿಲ್ಲ.

ಅದು ಕೇಳಬೇಕಾದರೆ ಹೆಡ್‌ಫೋನ್ ಬೇಕು, ಫ್ಯಾನ್ ಆರಿಸಿರಬೇಕು. ಇನ್ನೊಂದು ಮಾತು: ನಾವು ಕಳಿಸಿದ ಪ್ರತಿಯನ್ನೇ ಎದುರಿನವರು ಕೇಳುತ್ತಿದ್ದಾರೆ ಎಂದು ನಂಬುವಂತಿಲ್ಲ. ಇದರ ಶುರುವಿನಲ್ಲಿ ಚಪ್ಪಾಳೆ ಕೇಳಿಸಿದರೆ ಅದು ಆಲ್ಬಮ್ ಪ್ರತಿ. ಹಿಂದಿನ ಹಾಡಿನ ಬಾಲ ಅಂಟಿಕೊಂಡಿರುತ್ತದೆ. ಲೈವ್, ರೀಮಿಕ್ಸ್, ಮರುಮುದ್ರಣ ಎಂದೆಲ್ಲ ಬದಲಾದರೆ ನಾವು ಕೊಟ್ಟ ಸೆಕೆಂಡಿನ ಲೆಕ್ಕ ನೀರುಪಾಲು. ಆ್ಯಪಿನಲ್ಲಿ ಕ್ರಾಸ್‌ಫೇಡ್ ಆನ್ ಆಗಿದ್ದರಂತೂ ಮುಂದಿನ ಹಾಡು ಈ ಹಾಡಿನ ಕೊನೆಯನ್ನೇ ತುಳಿದುಕೊಂಡು ಬರುತ್ತದೆ. ಮೆಲ್ಲಗೆ ಆರಿಹೋಗುವ ಹಾಡು ಹಂಚುವವರು ಮೊದಲು ಅದನ್ನು ಆಫ್ ಮಾಡಿಸಬೇಕು.

ಸಾಲು ಬರೆಯುವುದರಲ್ಲೂ ಎಡವಟ್ಟಾಗುತ್ತದೆ. ಬೀಟಲ್ಸ್‌ನದೇ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಕಿ “ಅದ್ಭುತ ಹಾಡು” ಎಂದರೆ ಯಾರಿಗೇನು ಲಾಭ? ವೇಗವೂ ಶ್ರುತಿಯೂ ಬೇರೆಬೇರೆಯಾದ ಎರಡು ಟೇಕ್‌ಗಳನ್ನು (ಒಂದೇ ಹಾಡನ್ನು ಮತ್ತೆಮತ್ತೆ ಮುದ್ರಿಸಿದ ಸರದಿಗಳು), 7ನೆಯದು ಮತ್ತು 26ನೆಯದನ್ನು, ಟೇಪಿನ ವೇಗ ಹೊಂದಿಸಿ ಅಂಟಿಸಿದ್ದಾರೆ. ಅಂಟು ಇರುವುದು ಒಂದು ನಿಮಿಷದ ಆಸುಪಾಸಿನಲ್ಲಿ, ಹುಡುಕಿ ಎನ್ನಿ. ಕಿವಿ ತಾನಾಗಿ ನಿಮಿರುತ್ತದೆ. ಒಂದು ಹಾಡಿಗೆ ಇಂಥದ್ದು ಒಂದು ಸಾಕು, ಮೂರು ಕೊಟ್ಟರೆ ಪರೀಕ್ಷೆಯಾಗುತ್ತದೆ.

ಪ್ರಿನ್ಸ್‌ನ ‘ವೆನ್ ಡವ್ಸ್ ಕ್ರೈ’ (1984) ಕಳಿಸಿ “ಇದರಲ್ಲಿ ಬಾಸ್ ಗಿಟಾರೇ ಇಲ್ಲ, ಗಮನಿಸಿ” ಎಂದು ಬರೆಯುವವರಿದ್ದಾರೆ. ಬಾಸ್ ಎಂದರೆ ಹಾಡಿನ ತಳದ ತಗ್ಗು ಸ್ವರ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳುವವರಿಗೆ ಯಾವ ಹಾಡಿನಲ್ಲೂ ಬಾಸ್ ಇರುವುದಿಲ್ಲ, ಇನ್ನು ಗಮನಿಸುವುದೇನು? ಲೆಡ್ ಜೆಪ್ಲಿನ್‌ನ ‘ವೆನ್ ದ ಲೆವಿ ಬ್ರೇಕ್ಸ್’ಗೂ (1971) ಇದೇ ಗತಿ. ಡ್ರಮ್ಮನ್ನು ಹಳೆಯ ಬಂಗಲೆಯ ಹಜಾರದಲ್ಲಿಟ್ಟು, ಮೈಕುಗಳನ್ನು ಮೆಟ್ಟಿಲ ಮೇಲಿನಿಂದ ಇಳಿಬಿಟ್ಟು ಹಿಡಿದ ಆ ಗಾತ್ರವೆಲ್ಲ ಫೋನಿನಲ್ಲಿ ಡಬ್ಬ ತಟ್ಟಿದಂತಾಗುತ್ತದೆ.

ಆದರೂ ಮನಸ್ಸು ಕುರ್ಚಿಯ ಹತ್ತಿರವೇ ಸುಳಿಯುತ್ತಿದೆ. ಆತನನ್ನು ದೂರಿ ಪ್ರಯೋಜನವಿಲ್ಲ. ಒಂದು ಹಾಡು ಆರುವ ಮುನ್ನವೇ ಮರುದಿನದ್ದನ್ನು ತಂದು ಸುರಿಯುವವರು ನಾವು. ಮುಂದಕ್ಕೆ ಒತ್ತುವ ಚಾಳಿ ಕಲಿಸಿದ್ದೂ ನಾವೇ ಇರಬೇಕು. ನಾಳೆ ಹೊಸ ಹಾಡಿಲ್ಲ. ಅದೇ ಹಾಡು, ಕೆಳಗೆ ಬೇರೆ ಸಾಲು: 4:20 ಆದ ಮೇಲೆ ಫೋನ್ ಬೋರಲು ಹಾಕಿ, ಕೈ ಕಟ್ಟಿಕೊಂಡು ಕೂರಿ.