ಇದು ನನಗೊಬ್ಬಳಿಗೇನಾ ಮೇಡಂ?

ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು 18 ವರ್ಷ ಆಯಿತು. ಜ್ವರದ ಮಾತ್ರೆಯನ್ನು ಜನ ಜೋರಾಗಿಯೇ ಕೇಳುತ್ತಾರೆ. ಈ ಒಂದು ವಿಷಯಕ್ಕೆ ಮಾತ್ರ ಪಕ್ಕದವರು ಹೋಗಲಿ ಅಂತ ಕಾಯುತ್ತಾರೆ. ಆಮೇಲೆ ಮೆಲ್ಲಗೆ, "ಹೊಟ್ಟೆ ಕ್ಲಿಯರ್ ಆಗ್ತಿಲ್ಲ, ಏನಾದ್ರೂ ಕೊಡಿ" ಅನ್ನುತ್ತಾರೆ. ದುಡ್ಡು ಕೊಡುವಾಗ ಇನ್ನೊಂದು ಮಾತು ಬರುತ್ತದೆ: "ಇದು ನನಗೊಬ್ಬಳಿಗೇನಾ ಮೇಡಂ, ಬೇರೆಯವರಿಗೂ ಆಗುತ್ತಾ?"

ಆಗುತ್ತೆ. ತುಂಬಾ ಜನಕ್ಕೆ ಆಗುತ್ತೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಅದರ ಪ್ರಕಾರ ವಯಸ್ಕರಲ್ಲಿ 100ಕ್ಕೆ ಸುಮಾರು 14 ಮಂದಿಗೆ ಬಹಳ ದಿನಗಳಿಂದ ಮಲಬದ್ಧತೆ ಇದೆ. ಮದುವೆಮನೆಯ ಒಂದು ಪಂಕ್ತಿಗೆ 50 ಎಲೆ ಹಾಕಿದರೆ, ಊಟಕ್ಕೆ ಕೂತವರಲ್ಲಿ ಏಳು ಜನ! ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚುಕಡಿಮೆ ಎರಡು ಪಟ್ಟು. ವಯಸ್ಸಾದಂತೆ ಇನ್ನೂ ಜಾಸ್ತಿ.

ಬಿಗಿಯಾದ ಅಳತೆ ಹಿಡಿದರೆ ಈ ಸಂಖ್ಯೆ 100ಕ್ಕೆ 10ರ ಹತ್ತಿರ ಇಳಿಯುತ್ತದೆ. ವೈದ್ಯರು ಬಳಸುವ ಆ ಅಳತೆಗೆ 'ರೋಮ್ ಮಾನದಂಡ' ಅಂತ ಹೆಸರು. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋಗುವುದು ಅದರಲ್ಲಿ ಒಂದು ಲಕ್ಷಣ ಅಷ್ಟೇ. ತಿಣುಕಬೇಕಾಗುವುದು, ಮಲ ಗಟ್ಟಿಯಾಗಿರುವುದು, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುವುದು, ಇವೂ ಲೆಕ್ಕಕ್ಕೆ ಬರುತ್ತವೆ.

ನಮ್ಮ ಜನಕ್ಕೆ ನಾನು ಒತ್ತಿ ಹೇಳುವುದು ಇದನ್ನೇ. ನಮ್ಮ ದೇಶದಲ್ಲಿ ಬಹುಪಾಲು ಜನ ದಿನಕ್ಕೆ ಒಂದೆರಡು ಸಲ ಹೋಗುವವರು. ಹಾಗಾಗಿ ವಾರದ ಲೆಕ್ಕವನ್ನೇ ನೋಡಿದರೆ ನಮ್ಮಲ್ಲಿ ಎಷ್ಟೋ ಜನ ತಪ್ಪಿಹೋಗುತ್ತಾರೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ತಿಣುಕಿ, ಕಣ್ಣಲ್ಲಿ ನೀರು ಹಾಕಿಕೊಂಡು ಬರುವವರು "ದಿನಾ ಹೋಗ್ತೀನಲ್ಲ" ಅಂತ ಸುಮ್ಮನಿದ್ದುಬಿಡುತ್ತಾರೆ. ಅವರಿಗಿರುವುದೂ ಮಲಬದ್ಧತೆಯೇ. ಇನ್ನು ಕೆಲವರು ಒಂದು ದಿನ ತಪ್ಪಿದ್ದಕ್ಕೇ ಗಾಬರಿಯಾಗಿ ಭೇದಿ ಮಾಡಿಸುವ ಮಾತ್ರೆ ಕೇಳುತ್ತಾರೆ. ಕಷ್ಟವಿಲ್ಲದೆ ಆಗುತ್ತಿದ್ದರೆ ದಿನಕ್ಕೆ ಮೂರು ಸಲವೂ ಸರಿ, ವಾರಕ್ಕೆ ಮೂರು ಸಲವೂ ಸರಿ.

ಹೆಂಗಸರಿಗೆ ಯಾಕೆ ಜಾಸ್ತಿ? ಹಾರ್ಮೋನು ಒಂದು ಕಾರಣ, ಬಸುರಿಯರಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನನ್ನ ಕಣ್ಣಿಗೆ ಬೀಳುವುದು ಇನ್ನೊಂದು. ತಿಂಡಿ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಕರುಳು ಚುರುಕಾಗುತ್ತದೆ. ಅದು ದೇಹದ ಕ್ರಮ. ಅಷ್ಟು ಹೊತ್ತಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಬಸ್ಸಲ್ಲಿ ನಿಂತಿರುತ್ತಾಳೆ. ತಡೆದುಕೊಳ್ಳುತ್ತಾಳೆ. ಮಲ ಕರುಳಲ್ಲಿ ನಿಂತಷ್ಟೂ ಅದರ ನೀರು ಹೀರಿಹೋಗುತ್ತದೆ, ಗಟ್ಟಿಯಾಗುತ್ತದೆ. "ನೀರು ಜಾಸ್ತಿ ಕುಡಿಯಮ್ಮಾ" ಅಂತ ಒಬ್ಬಳಿಗೆ ಹೇಳಿದೆ. "ಕುಡಿದರೆ ಎಲ್ಲಿಗೆ ಹೋಗಲಿ ಮೇಡಂ? ನಮ್ಮ ಅಂಗಡೀಲಿ ಕಕ್ಕಸೇ ಇಲ್ಲ" ಅಂದಳು. ಅವಳಿಗೆ ಸೊಪ್ಪು ತಿನ್ನು ಅಂತ ಬುದ್ಧಿ ಹೇಳಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಕೆಲಸಕ್ಕೆ ಇಟ್ಟುಕೊಂಡವರು ಬಾಗಿಲಿರುವ ಒಂದು ಕಕ್ಕಸು ಕಟ್ಟಿಸಬೇಕು, ಅಲ್ವಾ?

ಎಷ್ಟೋ ಸಲ ಕಾರಣ ಬೇರೆ ತೊಂದರೆಗೆ ತಗೊಳ್ಳುವ ಔಷಧಿಯ ಕವರಿನಲ್ಲೇ ಇರುತ್ತದೆ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಬಿಪಿ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಎಲ್ಲವೂ ಹೊಟ್ಟೆ ಕಟ್ಟಿಸಬಲ್ಲವು. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಕಡಿಮೆಯಾದರೂ, ಸಕ್ಕರೆ ಕಾಯಿಲೆ ಹಳೆಯದಾದರೂ ಹೀಗಾಗುವುದುಂಟು.

ಊಟದ ವಿಷಯ ಎಲ್ಲರಿಗೂ ಗೊತ್ತು. ಒಂದೇ ಮಾತು ಹೇಳುತ್ತೇನೆ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಷ್ಟೇ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ. ಇಸಬ್‌ಗೋಲ್ ತಗೊಳ್ಳುವವರು ದೊಡ್ಡ ಲೋಟ ನೀರಿನ ಜೊತೆಗೇ ತಗೊಳ್ಳಿ. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ.

ಕೊಡುವ ಮುಂಚೆ ನಾನೂ ಒಂದೆರಡು ಪ್ರಶ್ನೆ ಕೇಳುತ್ತೇನೆ. ಮಲದಲ್ಲಿ ರಕ್ತ ಕಂಡಿತಾ? ಸುಮ್ಸುಮ್ನೆ ತೂಕ ಇಳಿದಿದೆಯಾ? 50 ದಾಟಿದ ಮೇಲೆ ಇದ್ದಕ್ಕಿದ್ದಂತೆ ಶುರುವಾಯಿತಾ? ಹೊಟ್ಟೆ ಉಬ್ಬಿ ವಾಂತಿ ಬರುತ್ತಿದೆಯಾ? ಒಂದಕ್ಕೆ ಹೌದು ಅಂದರೂ ನಾನು ಪುಡಿ ಕೊಡುವುದಿಲ್ಲ. ಡಾಕ್ಟರ ಹತ್ತಿರ ಕಳಿಸುತ್ತೇನೆ.