ಆಮೆಗಳಿರುವ ಚೌಕ

ರೋಮ್‌ಗೆ ಹೋದವರು ಟ್ರೆವಿ ಕಾರಂಜಿಯ ಮುಂದಿನ ನೂಕುನುಗ್ಗಲನ್ನು ಹರಕೆ ತೀರಿಸಿದಂತೆ ಮೊದಲೇ ಮುಗಿಸಿಬಿಡಬೇಕು. ಆಮೇಲೆ ಮೊಬೈಲನ್ನು ಜೇಬಿಗಿಳಿಸಿ ಹಳೆಯ ಯಹೂದಿ ಕೇರಿಯ ಕಡೆಗೆ ನಡೆದರೆ, ಯಾವುದೋ ಗಲ್ಲಿಯ ತಿರುವಿನಲ್ಲಿ ಪಿಯಾಝಾ ಮತ್ತೇಯಿ ಎದುರಾಗುತ್ತದೆ. ಚೌಕ ಎನ್ನಲು ಸಂಕೋಚವಾಗುವಷ್ಟು ಪುಟ್ಟ ಜಾಗ. ನಡುವೆ 1580ರ ದಶಕದ ಕಾರಂಜಿ. ನಾಲ್ವರು ಕಂಚಿನ ಹುಡುಗರು ಡಾಲ್ಫಿನ್‌ಗಳ ತಲೆಯ ಮೇಲೆ ಒಂದೊಂದು ಕಾಲಿಟ್ಟು, ಮೇಲಿನ ಬೋಗುಣಿಯ ಅಂಚಿಗೆ ಆಮೆಗಳನ್ನು ಹತ್ತಿಸುತ್ತಿದ್ದಾರೆ. ಈ ಆಮೆಗಳು ಮೊದಲು ಇರಲೇ ಇಲ್ಲ! ಅಲ್ಲಿಯೂ ಡಾಲ್ಫಿನ್‌ಗಳೇ ಬರಬೇಕಿತ್ತು. ನೀರಿನ ಒತ್ತಡ ಸಾಲದೆ ಅವನ್ನು ಕೈಬಿಟ್ಟರು. ಹುಡುಗರ ಎತ್ತಿದ ಕೈಗಳು ಹಲವು ದಶಕ ಬರಿದಾಗಿಯೇ ಇದ್ದವು. 17ನೆಯ ಶತಮಾನದಲ್ಲಿ ಆಮೆಗಳು ಬಂದು ಕುಳಿತವು. ಶಿಲ್ಪಿ ಬರ್ನಿನಿಯ ಕೈಕೆಲಸ ಎನ್ನುವವರೇ ಹೆಚ್ಚು. ನೀರು ಕೈಕೊಟ್ಟಿದ್ದೇ ಒಳ್ಳೆಯದಾಯಿತು ಎನಿಸಿತು. ಇನ್ನೂ ನಾಲ್ಕು ಡಾಲ್ಫಿನ್‌ಗಳಿದ್ದಿದ್ದರೆ ನಾನಂತೂ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಪ್ರಾಚೀನ ದೇಗುಲ ಪ್ಯಾಂಥಿಯನ್‌ನಿಂದ ನಾಲ್ಕು ಹೆಜ್ಜೆ ಆಚೆಗಿರುವ ಸಾಂತ್ ಇನ್ಯಾಟ್ಸಿಯೊ ಚೌಕವೂ ಹೀಗೆಯೇ, ಸದ್ದಿಲ್ಲದ ಚೆಲುವೆ. ವಾಸ್ತುಶಿಲ್ಪಿ ಫಿಲಿಪ್ಪೊ ರಗುಝೀನಿ ಇಲ್ಲಿನ ಮನೆಗಳನ್ನು ರಂಗಭೂಮಿಯ ಪಕ್ಕದ ಪರದೆಗಳ ಹಾಗೆ ಬಾಗಿಸಿ ಕಟ್ಟಿದ್ದಾನೆ. ಚೌಕದಲ್ಲಿರುವ ಚರ್ಚಿನೊಳಗೆ ತಲೆಯೆತ್ತಿದರೆ ಕಾಣುವ ಗುಮ್ಮಟ ಗುಮ್ಮಟವಲ್ಲ, ಚಪ್ಪಟೆ ಬಟ್ಟೆಯ ಮೇಲಿನ ಚಿತ್ರ.

ಇಂಥ ಜಾಗಗಳ ಗುಟ್ಟನ್ನು ಬರೆದುಹಾಕಬಹುದೇ ಎಂಬ ಅಳುಕಿದೆ. ಆದರೆ ನನ್ನ ಸ್ಟೇಟಸ್ ನೋಡುವ ಬೆರಳೆಣಿಕೆಯ ಜನರಿಂದ ರೋಮ್‌ನಲ್ಲಿ ಜಾತ್ರೆಯೇನೂ ನೆರೆಯುವುದಿಲ್ಲ ಬಿಡಿ.